ಎಲೆಕ್ಟ್ರಿಕ್ ಗಿಟಾರಿನ ಫ್ರೆಟ್ ಸವೆದಿದೆ: ಉಜ್ಜಿಸಬೇಕೋ, ಬದಲಾಯಿಸಬೇಕೋ?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿ ಕಡೆಯವನು. ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ನೆಕ್ಕಿನ (ಗಿಟಾರಿನ ಕತ್ತಿನ) ಹಲಗೆಯ ಮೇಲೆ ಅಡ್ಡಕ್ಕೆ ಇರುವ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಒಂದರಿಂದ ಐದನೆಯದರವರೆಗೆ ಎರಡನೇ, ಮೂರನೇ ತಂತಿಯ ಕೆಳಗೆ ಗುಳಿ ಬಿದ್ದಿದೆ. ಅಲ್ಲಿ ಒತ್ತಿದರೆ ಝರ್ ಅನ್ನುತ್ತದೆ, ಬೆಂಡ್ ಮಾಡಿದರೆ, ಅಂದರೆ ಒತ್ತಿ ಪಕ್ಕಕ್ಕೆ ಎಳೆದರೆ, ತಂತಿ ಸಿಕ್ಕಿಕೊಳ್ಳುತ್ತದೆ. ಒಬ್ಬ ರಿಪೇರಿಯವರು ಎಲ್ಲಾ ಫ್ರೆಟ್ ಬದಲಾಯಿಸಿ ಅಂದರು. ಇನ್ನೊಬ್ಬರು ನೆಕ್ಕೇ ಬದಲಾಯಿಸಿ ಅಂದರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಮೊದಲು ಫ್ರೆಟ್ ಎಷ್ಟು ಉಳಿದಿದೆ ನೋಡಿ. ಅವಧಿ ಮುಗಿದ ಎಟಿಎಂ ಕಾರ್ಡ್ ಮನೆಯಲ್ಲಿ ಇರುತ್ತದಲ್ವಾ? ಅದರ ದಪ್ಪ 0.76 ಮಿ.ಮೀ. ಅದರಿಂದ ಬೆರಳಗಲದ ಚೂರು ಕತ್ತರಿಸಿ, ಸವೆದ ಫ್ರೆಟ್‌ಗೆ ತಾಗಿಸಿ ಹಲಗೆಯ ಮೇಲೆ ಮಲಗಿಸಿ. ಗುಳಿಯ ತಳ ಕಾರ್ಡಿಗಿಂತ ಚೆನ್ನಾಗಿ ಮೇಲಿದ್ದರೆ ಬದಲಾಯಿಸುವ ಅಗತ್ಯವಿಲ್ಲ, ಉಜ್ಜಿ ಸಮ ಮಾಡಿಸಿದರೆ ಸಾಕು. ಕಾರ್ಡಿನ ಮಟ್ಟಕ್ಕೇ ಇಳಿದಿದ್ದರೆ ಆ ಫ್ರೆಟ್ ಮುಗಿಯಿತು. ಹೊಸ ಫ್ರೆಟ್ ಸಾಮಾನ್ಯವಾಗಿ 1.1ರಿಂದ 1.4 ಮಿ.ಮೀ. ಎತ್ತರ ಇರುತ್ತದೆ.

ಝರ್ ಸದ್ದು ಗುಳಿಯಿಂದಲೇ ಬರುತ್ತಿದೆ. ತಂತಿ ಗುಳಿಗೆ ಇಳಿದಾಗ ಮುಂದಿನ ಫ್ರೆಟ್ ಅದಕ್ಕಿಂತ ಎತ್ತರವಾಗುತ್ತದೆ, ತಂತಿ ಅದಕ್ಕೆ ತಗಲುತ್ತದೆ. ಉಜ್ಜುವುದು ಅಂದರೆ ಎಲ್ಲಾ ಫ್ರೆಟ್‌ಗಳನ್ನೂ ಅತಿ ಆಳದ ಗುಳಿಯ ಮಟ್ಟಕ್ಕೆ ಇಳಿಸಿ, ಚಪ್ಪಟೆಯಾದ ತಲೆಯನ್ನು ಮತ್ತೆ ದುಂಡಗೆ ಮಾಡಿ, ಪಾಲಿಶ್ ಹಾಕುವುದು. ತಲೆ ದುಂಡಗೆ ಮಾಡದೆ ಕೊಟ್ಟರೆ ಸ್ವರ ಸರಿಯಾಗಿ ನಿಲ್ಲುವುದಿಲ್ಲ. ಗಿಟಾರ್ ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ನಡುವೆ ಬಾಯಿ ಹಾಕ್ತಿದ್ದೀನಿ ಸರ್. ಗುಳಿಗೆ ಸೂಪರ್ ಗ್ಲೂ ಮತ್ತು ಅಡುಗೆ ಸೋಡಾ ತುಂಬಿದರೆ ಸಾಕು ಅಂತ ಗೆಳೆಯ ಹೇಳುತ್ತಾನೆ.

ಉತ್ತರ: ಆ ಉಪಾಯ ನಟ್‌ಗೆ, ಅಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಹಾಯುವ ಸಣ್ಣ ಪಟ್ಟಿಗೆ. ಅದರಲ್ಲಿ ತಂತಿ ಕೂರುವ ಸೀಳು ಆಳವಾದಾಗ ತುಂಬಿ ಮತ್ತೆ ಕೊರೆಯುತ್ತಾರೆ. ಫ್ರೆಟ್ ಮೇಲೆ ಉಕ್ಕಿನ ತಂತಿ ಉಜ್ಜುತ್ತಲೇ ಇರುತ್ತದೆ, ಅಂಟು ಅಲ್ಲಿ ಬಾಳುವುದಿಲ್ಲ. ಮಾಮೂಲಿ ಫ್ರೆಟ್ ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ‘ನಿಕಲ್ ಸಿಲ್ವರ್’ ಅಂತ ಮಾರುತ್ತಾರೆ, ಬೆಳ್ಳಿ ಒಂದು ಚೂರೂ ಇರುವುದಿಲ್ಲ. ಆ ಲೋಹವೇ ಉಕ್ಕಿಗೆ ಸೋತು ಗುಳಿ ಬೀಳುವಾಗ ಅಂಟು ಎಲ್ಲಿ ತಡೆದೀತು?

ಪ್ರಶ್ನೆ: ಮೈಸೂರಿನಿಂದ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತೇನೆ. ಗಮಕಕ್ಕೆ ಜಾರಿಸುವುದು, ಎಳೆಯುವುದು ಜಾಸ್ತಿ, ಫ್ರೆಟ್ ಬೇಗ ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಲೇ? ಅಮ್ಮನ ವೀಣೆಗೆ ಮೇಣ ಕರಗಿಸಿ ಮೆಟ್ಟಿಲು ಕೂರಿಸುವುದನ್ನು ನೋಡಿದ್ದೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?

ಉತ್ತರ: ನಿಮ್ಮ ನುಡಿಸಾಣಿಕೆಗೆ ಸ್ಟೀಲ್ ಒಳ್ಳೆಯದು. ಸವೆತ ತುಂಬಾ ಕಡಿಮೆ, ತಂತಿ ನುಣುಪಾಗಿ ಜಾರುತ್ತದೆ. ಕೂಲಿ ಜಾಸ್ತಿ ಕೇಳುತ್ತಾರೆ, ಅದು ನ್ಯಾಯವೇ. ಗಟ್ಟಿ ಲೋಹ, ನಮ್ಮ ಅರಗಳನ್ನೇ ತಿನ್ನುತ್ತದೆ. ನಾದ ಕರ್ಕಶವಾಗುತ್ತದೆ ಅನ್ನುವ ಮಾತನ್ನು ನಾನು ಹೆಚ್ಚು ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಮನೆಯ ಕೆಲಸ ಬೇಡ. ವೀಣೆಯ 24 ಮೆಟ್ಟಿಲನ್ನು ಮೇಣ ಹಿಡಿದಿರುತ್ತದೆ, ತಪ್ಪಿದರೆ ಮತ್ತೆ ಕರಗಿಸಬಹುದು. ಗಿಟಾರಿನಲ್ಲಿ ಹಿಡಿತ ಮರದ್ದೇ. ಫ್ರೆಟ್‌ನ ಕೆಳಗೊಂದು ತೆಳು ನಾಲಿಗೆ, ಅದರ ಮೈಮೇಲೆ ಸಣ್ಣ ಮುಳ್ಳುಗಳು. ಅದು ಸುಮಾರು ಅರ್ಧ ಮಿ.ಮೀ. ಅಗಲದ ಸೀಳಿನಲ್ಲಿ ಕಚ್ಚಿಕೊಂಡಿರುತ್ತದೆ. ಕೀಳುವಾಗ ಮುಳ್ಳು ಮರವನ್ನೂ ಎತ್ತಿಕೊಂಡು ಬರುತ್ತದೆ. ಅದಕ್ಕೇ ಸೋಲ್ಡರಿಂಗ್ ಐರನ್‌ನಿಂದ ಫ್ರೆಟ್ ಕಾಯಿಸಿ, ಬಾಯಿ ಸಪಾಟಾಗಿ ತಿಕ್ಕಿದ ಇಕ್ಕಳದಲ್ಲಿ ಒಂದು ತುದಿಯಿಂದ ನಿಧಾನವಾಗಿ ಹಿಸುಕುತ್ತಾ ಹೋಗಬೇಕು. ಜಗ್ಗಬಾರದು. ರೋಸ್‌ವುಡ್, ಅಂದರೆ ನಮ್ಮ ಘಟ್ಟದ ಬೀಟೆ, ಸ್ವಲ್ಪ ಸಹಿಸಿಕೊಳ್ಳುತ್ತದೆ. ಎಬೊನಿ ಸಿಡಿಯುತ್ತದೆ. ವಾರ್ನಿಶ್ ಹೊಡೆದ ಮೇಪಲ್ ಹಲಗೆಯಾದರೆ ಫ್ರೆಟ್ ಅಂಚಿನಲ್ಲಿ ಮೊದಲು ಚೂಪಾದ ಬ್ಲೇಡ್ ಆಡಿಸಬೇಕು, ಇಲ್ಲದಿದ್ದರೆ ವಾರ್ನಿಶ್ ಹಕ್ಕಳೆಯಾಗಿ ಏಳುತ್ತದೆ.

ಇನ್ನು ಹೊಸ ಫ್ರೆಟ್ ತಂತಿ, ಅಂದರೆ ಫ್ರೆಟ್ ಕತ್ತರಿಸಿಕೊಳ್ಳುವ ಲೋಹದ ತಂತಿ; ನುಡಿಸುವ ತಂತಿಯಲ್ಲ. ಜನ ಎತ್ತರ, ಅಗಲ ಮಾತ್ರ ಕೇಳುತ್ತಾರೆ, ನಾಲಿಗೆಯ ದಪ್ಪ ಯಾರೂ ಕೇಳುವುದಿಲ್ಲ. ಅಸಲು ವಿಷಯ ಅಲ್ಲಿದೆ. ನಾಲಿಗೆ ಸೀಳಿಗಿಂತ ದಪ್ಪವಾದರೆ 22 ಕಡೆ 22 ಬೆಣೆ ಹೊಡೆದಂತೆ. ನೆಕ್ ಹಿಂದಕ್ಕೆ ಬಾಗುತ್ತದೆ, ಕೆಲವೊಮ್ಮೆ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡಲು ಅದರೊಳಗಿರುವ ಲೋಹದ ಸರಳು) ಪೂರ್ತಿ ಸಡಿಲಿಸಿದರೂ ಸರಿಹೋಗುವುದಿಲ್ಲ. ತೆಳುವಾದರೆ ಫ್ರೆಟ್ ತುದಿ ಮೇಲೇಳುತ್ತದೆ. ಹೊಸ ಫ್ರೆಟ್ ಬಡಿಯುವ ಮೊದಲು ಹಲಗೆಯನ್ನು ನೇರ ಮಾಡಬೇಕು. ಫ್ರೆಟ್ ತಂತಿಯನ್ನು ಹಲಗೆಯ ಬಾಗಿಗಿಂತ ತುಸು ಹೆಚ್ಚೇ ಬಗ್ಗಿಸಿಕೊಳ್ಳಬೇಕು, ಆಗ ತುದಿಗಳು ಗಟ್ಟಿಯಾಗಿ ಕೂರುತ್ತವೆ. ಬಡಿಯುವುದು ಚಿಕ್ಕ ಕೆಲಸ, ಸಮಯ ತಿನ್ನುವುದು ಈ ತಯಾರಿ. ‘ಸಂಜೆ ಬಂದು ತಗೊಂಡು ಹೋಗಿ’ ಅನ್ನುವವರ ಕೈಗೆ ಗಿಟಾರ್ ಕೊಡಬೇಡಿ.

ಪ್ರಶ್ನೆ: ಹುಬ್ಬಳ್ಳಿಯವನೇ ಸರ್. ಕಾರ್ಡ್ ಇಟ್ಟು ನೋಡಿದೆ. ಎರಡು ಮತ್ತು ಮೂರನೇ ಫ್ರೆಟ್‌ನಲ್ಲಿ ಗುಳಿ ಕಾರ್ಡಿನ ಮಟ್ಟಕ್ಕೇ ಇದೆ. ಒಂದು, ನಾಲ್ಕು, ಐದು ಪರವಾಗಿಲ್ಲ. ಆರರಿಂದ ಮೇಲೆ ಹೊಸದರ ಹಾಗಿದೆ.

ಉತ್ತರ: ಹಾಗಾದರೆ ಮೊದಲ ಐದನ್ನು ಮಾತ್ರ ಬದಲಾಯಿಸಿ ಅಂತ ಕೇಳಿ. ಎಲ್ಲವನ್ನೂ ಉಜ್ಜಲು ಹೋದರೆ ಆ ಎರಡು ಗುಳಿಗಳ ಸಲುವಾಗಿ ಒಳ್ಳೆಯ ಫ್ರೆಟ್‌ಗಳೂ ನೆಲ ಕಚ್ಚುತ್ತವೆ. ಎರಡನ್ನೇ ಬದಲಾಯಿಸಿದರೆ ಪಕ್ಕದ ಸವೆದ ಫ್ರೆಟ್‌ಗಳ ಜೊತೆ ಹೊಂದುವುದಿಲ್ಲ. ಹಳೆಯದರ ಅಗಲದ್ದೇ ಫ್ರೆಟ್ ತಂತಿ ತರಿಸಲಿ, ಎತ್ತರ ಒಂದು ಎಳೆ ಜಾಸ್ತಿ ಇದ್ದರೆ ಉಜ್ಜಿ ಆರನೆಯದಕ್ಕೆ ಸೇರಿಸಬಹುದು. ನಟ್ ಬಗ್ಗೆಯೂ ಈಗಲೇ ಮಾತಾಡಿಕೊಳ್ಳಿ. ಮೊದಲ ಫ್ರೆಟ್ ಎತ್ತರವಾದಾಗ ಏನೂ ಒತ್ತದೆ ಮೀಟಿದರೂ ಝರ್ ಅನ್ನಬಹುದು, ಆಗ ನಟ್ ಹೊಸದಾಗಬೇಕು. ನಂತರ ಬ್ರಿಜ್ (ಗಿಟಾರಿನ ಮೈಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಭಾಗ) ಎತ್ತರ, ಶ್ರುತಿ ಸೆಟಪ್ ಇದ್ದೇ ಇದೆ. ಇದೆಲ್ಲಾ ಸೇರಿ ಎಷ್ಟು ಅಂತ ಒಂದೇ ಮಾತಿನಲ್ಲಿ ಕೇಳಿ, ಬಿಡಿಬಿಡಿಯಾಗಿ ಬೇಡ.

ನೆಕ್ ಬದಲಾಯಿಸುವ ಮಾತು ಪೂರ್ತಿ ತಪ್ಪಲ್ಲ. ಅಗ್ಗದ ಗಿಟಾರ್, ನೆಕ್ ಬೋಲ್ಟಿನಿಂದ ಬಿಗಿದದ್ದು, ಜೊತೆಗೆ ತಿರುಚಿಕೊಂಡೂ ಇದೆ ಅಂದರೆ ನಾನೂ ಹಾಗೇ ಹೇಳುತ್ತೇನೆ. ನಿಮ್ಮದು ನೆಟ್ಟಗಿದ್ದರೆ ಸುಮ್ನೆ ಖರ್ಚು.

ಪ್ರಶ್ನೆ: ಗಣಪತಿ ಹಬ್ಬಕ್ಕೆ ಕಾರ್ಯಕ್ರಮ ಸಾಲಾಗಿ ಇವೆ. ಈಗಲೇ ಕೊಡಲಾ?

ಉತ್ತರ: ಕಾರ್ಯಕ್ರಮ ಮುಗಿಸಿ ಕೊಡಿ. ಅಲ್ಲಿಯವರೆಗೆ ಬ್ರಿಜ್‌ನಲ್ಲಿ ಆ ಎರಡು ತಂತಿಗಳನ್ನು ಸ್ವಲ್ಪ ಎತ್ತರಿಸಿ, ಸದ್ದು ತಗ್ಗುತ್ತದೆ. ತುಕ್ಕು ಹಿಡಿದ ತಂತಿಯಿದ್ದರೆ ಇವತ್ತೇ ತೆಗೆಯಿರಿ, ಅದು ಅರದ ಕೆಲಸ ಮಾಡುತ್ತದೆ. ನುಡಿಸಿದ ಮೇಲೆ ಬೆವರು ಒರೆಸಿ ಇಡಿ.