ಆಯಸ್ಕಾಂತ ಅಂಟಿದರೆ ಸಾಕೇ? ನಮ್ಮ ಮನೆಯ ಗುಂಪಿನಲ್ಲಿ ಒಂದು ಬೆಳಗಿನ ಜಗಳ

ಅಕ್ಕ, ಭಾವ ಹೊಸ ಕಾರು ತರಲು ಹೊರಟ ದಿನ ಚಿಕ್ಕಪ್ಪ ಹಂಚಿಕೊಂಡ ಒಂದು ಫಾರ್ವರ್ಡ್‌ನಿಂದ ಶುರುವಾದದ್ದು ಇದು. ಶುಭಾಶಯದ ಹೂಗುಚ್ಛಗಳನ್ನೆಲ್ಲ ಬಿಟ್ಟು ಉಳಿದದ್ದನ್ನು ಇಲ್ಲಿ ಇಟ್ಟಿದ್ದೇನೆ. ತಮ್ಮ ಎಂದರೆ ಚಿಕ್ಕಪ್ಪನ ಮಗ. ಕಾರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪಿನಲ್ಲಿ ಅವನಿಗೆ ಕೆಲಸ.

ಚಿಕ್ಕಪ್ಪ (ಹಲವು ಬಾರಿ ಫಾರ್ವರ್ಡ್ ಆದದ್ದು): ಎಚ್ಚರ! ಹೊಸದೆಂದು ಕೊಡುವುದು ಮತ್ತೆ ಬಣ್ಣ ಹೊಡೆದ ಕಾರು! ಆಯಸ್ಕಾಂತ ಇಟ್ಟು ನೋಡಿ. ಅಂಟಿದರೆ ಅಸಲಿ, ಜಾರಿದರೆ ಮೋಸ. ಎಲ್ಲರಿಗೂ ಕಳುಹಿಸಿ!

ಚಿಕ್ಕಪ್ಪ: ಅಳಿಯಂದಿರೇ, ಸಹಿ ಹಾಕುವ ಮೊದಲು ಇದೊಂದು ಮಾಡಿಬಿಡಿ.

ತಮ್ಮ: ಅಪ್ಪಾ, ಇದನ್ನು ಬರೆದವರು ಆಯಸ್ಕಾಂತವನ್ನೂ ನೋಡಿಲ್ಲ, ಕಾರನ್ನೂ ನೋಡಿಲ್ಲ.

ಚಿಕ್ಕಪ್ಪ: ನೀನು ಹುಟ್ಟುವ ಮೊದಲೇ ನಾನು ಹಳೆಯ ಕಾರುಗಳನ್ನು ಹೀಗೆ ನೋಡಿಯೇ ಕೊಂಡಿದ್ದೇನೆ.

ತಮ್ಮ: ಆಗ ನೀವು ಹುಡುಕುತ್ತಿದ್ದದ್ದು ಪುಟ್ಟಿಯನ್ನು. ತಗ್ಗು ಮುಚ್ಚಲು ಎರಡು ಮೂರು ಮಿಲಿಮೀಟರ್ ಪುಟ್ಟಿ ಮೆತ್ತಿದ್ದರೆ ಆಯಸ್ಕಾಂತದ ಹಿಡಿತ ಸಡಿಲವಾಗುತ್ತದೆ, ನಿಜ. ಬರೀ ಗೀರು ಮುಚ್ಚಲು ಹೊಡೆದ ಬಣ್ಣ ಎಷ್ಟು ದಪ್ಪ ಇರುತ್ತದೆ? ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್. ಅಂಥ ಒಂದೆರಡು ಎಳೆಯಷ್ಟು. ಅದು ಆಯಸ್ಕಾಂತಕ್ಕೆ ಗೊತ್ತೇ ಆಗುವುದಿಲ್ಲ.

ಭಾವ: ಬಾನೆಟ್ಟಿನ ಮೇಲೆ ಇಟ್ಟೆ, ಜಾರಿ ಬಿತ್ತು. ಮುಂದಿನ ಬಂಪರಿಗೂ ಅಂಟುತ್ತಿಲ್ಲ!

ಚಿಕ್ಕಪ್ಪ: ನಾನು ಹೇಳಲಿಲ್ಲವೇ?

ಅಕ್ಕ: ಅಯ್ಯೋ, ಹಣ ಪೂರ್ತಿ ಕಟ್ಟಿ ಆಗಿದೆಯಲ್ಲ.

ತಮ್ಮ: ಗಾಬರಿಯಾಗಬೇಡ ಅಕ್ಕಾ. ಬಂಪರ್ ಪ್ಲಾಸ್ಟಿಕ್. ಆ ಕಾರಿನ ಬಾನೆಟ್ ಅಲ್ಯೂಮಿನಿಯಂ. ಅವೆರಡಕ್ಕೂ ಆಯಸ್ಕಾಂತ ಯಾವ ಜನ್ಮದಲ್ಲೂ ಅಂಟುವುದಿಲ್ಲ.

ಭಾವ: ನಾಲ್ಕೂ ಬಾಗಿಲಿಗೆ ಗಟ್ಟಿಯಾಗಿ ಅಂಟಿತು. ಹಾಗಾದರೆ ಸರಿ ತಾನೇ?

ತಮ್ಮ: ಅಷ್ಟರಿಂದ ಏನೂ ಹೇಳಲಾಗದು ಭಾವ. ಮೊದಲು ಆ ಆಯಸ್ಕಾಂತಕ್ಕೆ ಬಟ್ಟೆ ಸುತ್ತಿ, ಇಲ್ಲದ ಗೀರನ್ನು ನೀವೇ ಮಾಡಿಬಿಟ್ಟೀರಿ. ಕಾರು ಎಲ್ಲಿ ನಿಂತಿದೆ?

ಭಾವ: ಒಳಗೆ, ದೀಪಗಳ ಕೆಳಗೆ. ಈಗಷ್ಟೇ ತೊಳೆದಿದ್ದಾರೆ.

ತಮ್ಮ: ಹೊರಗೆ ಬಿಸಿಲಿಗೆ ತರಿಸಿ, ಒರೆಸಲು ಹೇಳಿ. ನೀರು ಸಣ್ಣ ಗೀರುಗಳನ್ನು ನುಂಗಿಬಿಡುತ್ತದೆ. ಆಮೇಲೆ ಹಿಂಬದಿಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬದಿಯುದ್ದಕ್ಕೂ ಓರೆಯಾಗಿ ನೋಡಿ. ಕಂಬದ್ದೋ ಗೋಡೆಯದ್ದೋ ಪ್ರತಿಬಿಂಬ ಬಣ್ಣದಲ್ಲಿ ಕಾಣುತ್ತದಲ್ಲ, ಅದರ ಅಂಚು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ದಾಟುವಾಗ ಹೇಗಿದೆ ಹೇಳಿ.

ಮಾವ: ಒಳ್ಳೆಯ ದಿನ ನೋಡಿ ಹೀಗೆ ಹುಳುಕು ಹುಡುಕುತ್ತಾ ಕೂರುವುದೇ? ಹೊಸ ಕಾರು, ನಗುತ್ತಾ ತನ್ನಿ.

ಅಕ್ಕ: ಕಂತು ಕಟ್ಟುವವರು ನಾವು ಮಾವ.

(ಮಾವ ಆಮೇಲೆ ಅರ್ಧ ಗಂಟೆ ಮಾತನಾಡಲಿಲ್ಲ.)

ಭಾವ: ಮುಂದಿನ ಬಾಗಿಲಿನಲ್ಲಿ ಅಂಚು ಸ್ವಲ್ಪ ನಡುಗಿದಂತಿದೆ. ಬಲಗಡೆಯ ಹಿಂದಿನ ಬಾಗಿಲು ಮಾತ್ರ ಕನ್ನಡಿಯ ಹಾಗಿದೆ. ಎಲ್ಲಕ್ಕಿಂತ ಚೆನ್ನಾಗಿರುವುದೇ ಅದು.

ತಮ್ಮ: ನನಗೆ ಅನುಮಾನ ಇರುವುದೂ ಅದರ ಮೇಲೆಯೇ.

ಚಿಕ್ಕಪ್ಪ: ಚೆನ್ನಾಗಿರುವುದೂ ತಪ್ಪೇನೋ?

ತಮ್ಮ: ಕಾರ್ಖಾನೆಯ ಬಣ್ಣ ಕನ್ನಡಿಯಂತೆ ಇರುವುದು ಅಪರೂಪ ಅಪ್ಪಾ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣಗೆ ತರಿತರಿ ಇರುತ್ತದೆ. ಬದಿಯ ಬಾಗಿಲುಗಳಿಗೆಲ್ಲ ಒಂದೇ ತರಿ. ನಡುವೆ ಒಂದೇ ಬಾಗಿಲು ನುಣ್ಣಗಿದೆ ಎಂದರೆ ಯಾರೋ ನೀರು ಹಾಕಿ ಉಜ್ಜುವ ಮರಳುಕಾಗದ ಉಜ್ಜಿ ಪಾಲಿಶ್ ಹಾಕಿದ್ದಾರೆ. ಭಾವ, ಸಹಿ ಹಾಕಬೇಡಿ. ನಾನು ಬಣ್ಣದ ದಪ್ಪ ಅಳೆಯುವ ಗೇಜ್ ತೆಗೆದುಕೊಂಡು ಬರುತ್ತಿದ್ದೇನೆ.

ಅವನು ಹೋಗಿ ಕಳುಹಿಸಿದ ಫೋಟೋಗಳು ಇನ್ನೂ ನನ್ನ ಮೊಬೈಲಿನಲ್ಲಿವೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಯಂತ್ರ, ಒಂದೊಂದು ಜಾಗಕ್ಕೆ ಒತ್ತಿದಾಗಲೂ ಒಂದು ಅಂಕಿ. ಚಾವಣಿ 108. ಬಾನೆಟ್ 114. ಎಡಗಡೆಯ ಹಿಂದಿನ ಬಾಗಿಲು 117, 121, 116. ಬಲಗಡೆಯದ್ದು 228, 241, 236.

ತಮ್ಮ: ಎಲ್ಲ ಮೈಕ್ರಾನ್ ಲೆಕ್ಕ. ಕಾರ್ಖಾನೆಯ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಕೂಡಿದರೂ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು. ಬಲಬಾಗಿಲಿನಲ್ಲಿ ಅದರ ಎರಡರಷ್ಟಿದೆ. ಪುಟ್ಟಿ ಇದ್ದಿದ್ದರೆ ಅಂಕಿ ಇನ್ನೂ ಎಷ್ಟೋ ಮೇಲೆ ಹೋಗುತ್ತಿತ್ತು. ತಗ್ಗು ಬಿದ್ದಿಲ್ಲ, ಗೀರು ಬಿದ್ದಿದೆ.

ಚಿಕ್ಕಪ್ಪ: ಕಾರ್ಖಾನೆಯಲ್ಲಿಯೇ ಎರಡನೆಯ ಸಲ ಹೊಡೆದಿರಬಹುದಲ್ಲ?

ತಮ್ಮ: ಹೊಡೆದಿರಬಹುದು. ಅಲ್ಲಿಯೂ ಸಣ್ಣಪುಟ್ಟ ರಿಪೇರಿ ಮಾಡುತ್ತಾರೆ. ಅದಕ್ಕೇ ಅಂಕಿ ಒಂದನ್ನೇ ನಂಬುವುದಿಲ್ಲ. ಈ ಫೋಟೋ ದೊಡ್ಡದು ಮಾಡಿ ನೋಡಿ.

ನಾನು ನೋಡಿದೆ. ಕಿಟಕಿಯ ಕೆಳಗಿನ ಕಪ್ಪು ರಬ್ಬರ್ ಬೀಡಿಂಗಿನ ಮಡಿಕೆಯೊಳಗೆ ಕಾರಿನ ಬಣ್ಣದ್ದೇ ಸಣ್ಣ ಗೆರೆ, ಉಗುರಿನಂಚಿನಷ್ಟು. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆದಾಗ ಸ್ವಿಚ್ಚಿನ ಅಂಚಿಗೆ ತಾಗುತ್ತದಲ್ಲ, ಹಾಗೆ.

ತಮ್ಮ: ಕಾರ್ಖಾನೆಯಲ್ಲಿ ಬಣ್ಣ ಒಣಗಿದ ಮೇಲೆಯೇ ರಬ್ಬರ್ ಕೂರಿಸುವುದು. ಅಲ್ಲಿ ಬಣ್ಣವನ್ನು ಬೇಯಿಸುವ ಒಲೆಯ ಶಾಖ ಸುಮಾರು 140 ಡಿಗ್ರಿ, ಜೋಡಿಸಿದ ಕಾರನ್ನು ಅದರೊಳಗೆ ತಳ್ಳಿದರೆ ಪ್ಲಾಸ್ಟಿಕ್ಕು, ವೈರುಗಳ ಗತಿ ಮುಗಿದಂತೆ. ನಮ್ಮ ವರ್ಕ್‌ಶಾಪಿನ ಬಣ್ಣದ ಬೂತಿನಲ್ಲಿ 60 ಡಿಗ್ರಿಗೆ ನಿಲ್ಲಿಸುತ್ತೇವೆ. ರಬ್ಬರಿಗೆ ಬಣ್ಣ ತಾಗಿದೆ ಎಂದರೆ ಜೋಡಣೆ ಮುಗಿದ ಮೇಲೆ ಹೊಡೆದದ್ದು. ಎಲ್ಲಿ ಹೊಡೆದರು ಎಂದು ಇದರಿಂದ ಹೇಳಲಾರೆ.

ನಾನು: ಬಾಗಿಲನ್ನೇ ಬದಲಿಸಿದ್ದರೆ?

ತಮ್ಮ: ಕೀಲಿನ ಬೋಲ್ಟುಗಳನ್ನು ನೋಡಿದೆ. ತಲೆಯ ಮೇಲಿನ ಬಣ್ಣ ಒಡೆದಿಲ್ಲ, ಸ್ಪ್ಯಾನರ್ ತಾಗಿದ ಗುರುತಿಲ್ಲ. ಬಾಗಿಲು ಬಿಚ್ಚಿಲ್ಲ.

ಭಾವ: ಮ್ಯಾನೇಜರನ್ನು ಕೇಳಿದೆ. ಮೊದಲು ಗೊತ್ತಿಲ್ಲ ಎಂದರು. ಅಂಕಿ ತೋರಿಸಿದ ಮೇಲೆ, ಲಾರಿಯಿಂದ ಇಳಿಸುವಾಗ ಗೀರು ಬಿತ್ತು, ಸರಿಪಡಿಸಿದ್ದೇವೆ ಎಂದರು.

ಮಾವ: ಸರಿಪಡಿಸಿದ್ದಾರಲ್ಲ, ಮತ್ತೇನು? ನಾಳೆ ರಸ್ತೆಯಲ್ಲಿ ನಾವೇ ಗೀರುತ್ತೇವೆ.

ಅಕ್ಕ: ನಾವು ಗೀರಿದರೆ ಅದು ನಮ್ಮ ಗೀರು ಮಾವ. ಇವರು ಬಾಯಿ ಬಿಟ್ಟಿದ್ದು ಯಾವಾಗ, ಯಂತ್ರ ಬಂದ ಮೇಲೆ. ಬೇರೆ ಕಾರು ಕೊಡಲಿ, ಇಲ್ಲವೇ ಬಣ್ಣ ಹೊಡೆದಿದ್ದೇವೆ ಎಂದು ಬರೆದುಕೊಟ್ಟು ಬೆಲೆ ಇಳಿಸಲಿ.

ಚಿಕ್ಕಪ್ಪ: ಬೇರೆ ಕಾರನ್ನೇ ಕೇಳು ಮಗಳೇ. ಮಾರುವ ದಿನ ಕೊಳ್ಳುವವರೂ ಇಂಥದ್ದೇ ಯಂತ್ರ ತರುತ್ತಾರೆ. ಆಗ ಗೀರು ಬಿದ್ದದ್ದು ಲಾರಿಯಲ್ಲಿ ಎಂದರೆ ಯಾರು ನಂಬುತ್ತಾರೆ?

ತಮ್ಮ: ಅಪ್ಪಾ, ಈ ಮಾತನ್ನು ಫಾರ್ವರ್ಡ್ ಮಾಡಬಹುದು ನೋಡಿ.

ಚಿಕ್ಕಮ್ಮ: ಇಬ್ಬರಿಗೂ ಸಾಕು. ನಾನು ಬೆಳಗಿನಿಂದ ಓದುತ್ತಿದ್ದೇನೆ, ಒಂದು ಕೇಳುತ್ತೇನೆ. ಆ ಆಯಸ್ಕಾಂತ ಕೆಟ್ಟ ಬಾಗಿಲಿಗೂ ಅಂಟಿತ್ತು ತಾನೇ?

ಭಾವ: ಅಂಟಿತ್ತು ಚಿಕ್ಕಮ್ಮ. ಈಗಲೂ ಅಲ್ಲಿಯೇ ಇದೆ. ಬೇರೆ ಕಾರು ಕೊಡುತ್ತೇವೆ ಎಂದು ಇದನ್ನು ಒಳಗೆ ತಳ್ಳಿಕೊಂಡು ಹೋದರು, ತೆಗೆಯುವುದು ಮರೆತುಹೋಯಿತು.

ಅಕ್ಕ: ಅದು ನಮ್ಮ ಫ್ರಿಜ್ಜಿನದು. ತೆಗೆದುಕೊಂಡು ಬನ್ನಿ.