ಎಸ್ಸೆಸ್ಸೆಲ್ಸಿ ಆದ ಮಗನಿಗೆ ಐಟಿಐ: ಮೋಟಾರ್ ಮೆಕ್ಯಾನಿಕ್ಕಾ, ವೆಲ್ಡರಾ?

ಪ್ರಶ್ನೆ (ತೀರ್ಥಹಳ್ಳಿಯಿಂದ ಒಬ್ಬ ತಾಯಿ)

ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾದ. ಪಿಯುಸಿ ಬೇಡ, ಐಟಿಐಗೇ ಹೋಗುತ್ತೇನೆ ಅಂತ ಹಠ. ಹೋದ ತಿಂಗಳು ನಮ್ಮ ತೋಟದ ವೀಡ್ ಕಟರ್ ಕೆಟ್ಟಿತ್ತು. ತಾನೇ ಅದರ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬಿಚ್ಚಿ ತೊಳೆದ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಊಟದ ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದ. ಮತ್ತೆ ಜೋಡಿಸಿ ಹಗ್ಗ ಎರಡು ಸಲ ಎಳೆದದ್ದೇ, ಸ್ಟಾರ್ಟ್ ಆಯಿತು! ಅವರಪ್ಪ ಮಾತ್ರ ‘ಗ್ರೀಸ್ ಕೆಲಸಕ್ಕೆ ಓದು ಯಾಕೆ, ಸುಮ್ನೆ ಗ್ಯಾರೇಜಿಗೆ ಸೇರಿಸಿದರೆ ಸಾಕಲ್ವಾ’ ಅನ್ನುತ್ತಾರೆ. ಗೊತ್ತಿದ್ದವರು ದಾರಿ ಹೇಳಿ.

ಉತ್ತರ (ಶಿವಮೊಗ್ಗ, ಗ್ಯಾರೇಜ್ ಇಟ್ಟಿರುವವನು)

ಅಕ್ಕಾ, ಸ್ಕ್ರೂ ಸಾಲಾಗಿ ಇಟ್ಟಿದ್ದು ಓದಿ ಖುಷಿಯಾಯಿತು. ಕೆಲಸಕ್ಕೆ ಬರುವ ಹುಡುಗರಲ್ಲಿ ನಾನು ಮೊದಲು ನೋಡುವುದು ಅದನ್ನೇ. ಖಂಡಿತ ಐಟಿಐಗೆ ಕಳಿಸಿ.

ನಾನು ಗ್ಯಾರೇಜಿನಲ್ಲೇ ಕಲಿತವನು. ಎಂಜಿನ್ ಸದ್ದು ಕೇಳಿಯೇ ಏನಾಗಿದೆ ಅಂತ ಹೇಳುತ್ತಿದ್ದೆ. 2020ರಲ್ಲಿ ವಾಹನಗಳ ಹೊಗೆಗೆ ಬಿಎಸ್6 ಅನ್ನುವ ಹೊಸ ನಿಯಮ ಬಂತು. ಬೈಕುಗಳಲ್ಲೂ ಕಾರ್ಬ್ಯುರೇಟರ್ ಹೋಗಿ, ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಬಂತು. ಒಂದು ಬೈಕಿನ ಮುಂದೆ ಮೂರು ದಿನ ಕೂತಿದ್ದೆ. ಸೆನ್ಸರ್ ಬದಲಾಯಿಸಿದರೂ ಎಂಜಿನ್ ಲೈಟು ಆರಲಿಲ್ಲ. ವೈರಿಂಗ್ ನಕ್ಷೆ ಓದಲು ನನಗೆ ಯಾರೂ ಕಲಿಸಿರಲಿಲ್ಲ. ಐಟಿಐ ಮುಗಿಸಿದ ಹುಡುಗ ಬಂದು ಮಲ್ಟಿಮೀಟರ್ (ವೈರಿನಲ್ಲಿ ಕರೆಂಟ್ ಹರಿಯುತ್ತದಾ ಅಂತ ನೋಡುವ ಮೀಟರು) ಇಟ್ಟ. ಹ್ಯಾಂಡಲ್ ತಿರುಗುವ ಕಡೆ, ಕವರಿನೊಳಗೆ ವೈರ್ ತುಂಡಾಗಿತ್ತು. ಅರ್ಧ ಗಂಟೆ ಕೆಲಸ! ಯಜಮಾನರಿಗೆ ಇದನ್ನು ಹೇಳಿ.

ಮೋಟಾರ್ ಮೆಕ್ಯಾನಿಕ್ ಕೋರ್ಸ್ ಎರಡು ವರ್ಷ. ಆಮೇಲೆ ಅಪ್ರೆಂಟಿಸ್ ಆಗಲಿ, ಸ್ಟೈಪೆಂಡೂ ಸಿಗುತ್ತದೆ.

ಉತ್ತರ (ಸಾಗರ, ವೆಲ್ಡಿಂಗ್ ಶೆಡ್)

ವೆಲ್ಡರ್ ಒಂದೇ ವರ್ಷದ ಕೋರ್ಸು. ಗೇಟು, ಅಡಿಕೆ ಶೆಡ್ಡು, ಟ್ರೇಲರ್ ಅಂತ ನಮ್ಮ ಕಡೆ ಕೆಲಸ ಜಾಸ್ತಿನೇ ಇದೆ. ಆದರೆ ಮಾಸ್ಕ್ ಇಲ್ಲದೆ ಒಂದು ಕಿಡಿಯನ್ನೂ ನೋಡಬಾರದು. ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿಯುತ್ತದೆ. ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಇನ್ನು ಮಳೆಗಾಲದಲ್ಲಿ ವೆಲ್ಡಿಂಗ್ ರಾಡು ತೇವ ಎಳೆದುಕೊಂಡರೆ ಬೆಸುಗೆಯಲ್ಲಿ ತೂತು ಬೀಳುತ್ತದೆ. ನಾನು ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ ಬೆಚ್ಚಗೆ ಇಡುತ್ತೇನೆ. ನಿಮ್ಮ ಹುಡುಗನಿಗೆ ಎಂಜಿನ್ ಮೇಲೆ ಮನಸ್ಸು ಅನ್ನಿಸುತ್ತದೆ. ಮೆಕ್ಯಾನಿಕ್ಕೇ ಇರಲಿ, ರಜೆಯಲ್ಲಿ ವೆಲ್ಡಿಂಗ್ ಕಲಿಯಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ವೈರಿನ ಕತೆ ಇವರಿಗೆ ಓದಿ ಹೇಳಿದೆ, ಸುಮ್ಮನೆ ಕೇಳಿಸಿಕೊಂಡರು. ಭಾನುವಾರ ಅಪ್ಪ ಮಗ ಇಬ್ಬರೂ ಗ್ಯಾರೇಜಿಗೆ ಬರಬಹುದಾ ಅಣ್ಣ?

ಗ್ಯಾರೇಜ್ ಇಟ್ಟಿರುವವನು

ಬರಲಿ ಅಕ್ಕಾ, ಹತ್ತು ಗಂಟೆ ಮೇಲೆ. ಹುಡುಗ ಹಳೇ ಬಟ್ಟೆ ಹಾಕಿಕೊಂಡು ಬರಲಿ.