ಕ್ಲೈಡ್‌ಬ್ಯಾಂಕ್‌ಗೆ ಬರುತ್ತಿದ್ದೇವೆ, ಮಗಳ ಶಾಲೆಯದೇ ಚಿಂತೆ

ದಾವಣಗೆರೆ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿರುವ ಗೋಲ್ಡನ್ ಜುಬಿಲಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಅವರು ಏಪ್ರಿಲ್‌ನಲ್ಲಿ ಹೋಗುತ್ತಾರೆ. ನಾನು ಮಗಳನ್ನು ಕರೆದುಕೊಂಡು ಜೂನ್‌ನಲ್ಲಿ ಬರುತ್ತೇನೆ. ಅವಳು ಹುಟ್ಟಿದ್ದು ಫೆಬ್ರವರಿಯಲ್ಲಿ, ಬರುವಾಗ ನಾಲ್ಕು ತುಂಬಿ ನಾಲ್ಕು ತಿಂಗಳು. ಇಲ್ಲಿ ಎಲ್‌ಕೆಜಿ ಮುಗಿಸಿರುತ್ತಾಳೆ. ಅ ಆ ಇ ಈ ಬರೆಯುತ್ತಾಳೆ, ನೂರರವರೆಗೆ ಎಣಿಸುತ್ತಾಳೆ. ಅಲ್ಲಿ ಆಗಸ್ಟ್‌ಗೆ ಪಿ1, ಅಂದರೆ ಪ್ರೈಮರಿ ಒಂದನೇ ಕ್ಲಾಸಿಗೆ ಸೇರಿಸಬೇಕು ಅಂತ ಒಬ್ಬರು, ಒಂದು ವರ್ಷ ತಡೆಯಿರಿ ಅಂತ ಇನ್ನೊಬ್ಬರು. ಅಲ್ಲಿ ಚಿಕ್ಕ ಮಕ್ಕಳಿಗೆ ಬರೀ ಆಟ ಅಂತೆ. ಕಲಿತಿದ್ದನ್ನೂ ಮರೆತುಬಿಟ್ಟರೆ?

ಇನ್ನೊಂದು ವಿಷಯ. ಈ ಊರಿನ ಹೆಸರು ಹಾಕಿ ಹುಡುಕಿದರೆ ಮುಚ್ಚಿದ ಹಡಗು ಕಾರ್ಖಾನೆ, ಬಾಂಬ್ ಬಿದ್ದ ಮನೆಗಳ ಫೋಟೊ ಇವೇ ಬರುತ್ತವೆ. ಅತ್ತೆಯವರು ಅವನ್ನು ನೋಡಿ ಊಟವನ್ನೇ ಬಿಟ್ಟಿದ್ದಾರೆ. ಅಲ್ಲೇ ಮನೆ ಮಾಡುವುದಾ, ಇಲ್ಲ ಗ್ಲಾಸ್ಗೋದಲ್ಲಿ ನಮ್ಮ ಜನ ಇರುವ ಕಡೆ ಇರುವುದಾ? ದಯವಿಟ್ಟು ತಿಳಿದವರು ಹೇಳಿ.

ಹಾಸನದ ಅಕ್ಕ:
ಸ್ವಾಗತ ಕಣಮ್ಮಾ. ಶಾಲೆ ಶುರುವಾಗುವ ದಿನ ಐದು ತುಂಬಿರದ ಮಗುವನ್ನು ಒಂದು ವರ್ಷ ತಡವಾಗಿ ಸೇರಿಸುವ ಹಕ್ಕು ಇಲ್ಲಿ ತಂದೆ ತಾಯಿಗೆ ಇದೆ. ಆ ವರ್ಷ ನರ್ಸರಿಯೂ ಉಚಿತ. ನನ್ನ ಮಗ ಜನವರಿಯವನು. ನಾವು ಹಾಗೇ ಮಾಡಿದೆವು, ಚೆನ್ನಾಗಿದ್ದಾನೆ. ಗಾಬರಿ ಬೇಡ.

ಅಬರ್ಡೀನ್ ಅಣ್ಣ:
ತಂಗಿ, ಶಾಲೆ ಗೀಲೆ ಎಲ್ಲ ಆಮೇಲೆ. ಮೊದಲು ಒಂದು ಮಾತು ಕೇಳು. ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತು ಬೇಡ. ಒಂದೇ ಒಂದು ಶಬ್ದವೂ ಬೇಡ. ನಾನು ಇದನ್ನು ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದ್ದೇನೆ ಅಂತ ಹಳಬರಿಗೆ ಗೊತ್ತು. ಮಗು ಇಂಗ್ಲಿಷ್‌ನಲ್ಲಿ ಕೇಳಿದರೆ ಉತ್ತರ ಕೊಡಬೇಡ. ನೀರು ಬೇಕಾದರೆ ಕನ್ನಡದಲ್ಲಿ ಕೇಳಲಿ. ನನ್ನ ಇಬ್ಬರು ಹೆಣ್ಣುಮಕ್ಕಳೂ ಇಲ್ಲೇ ಬೆಳೆದವರು, ಇವತ್ತಿಗೂ ಅಜ್ಜಿಯ ಜೊತೆ ಗಂಟೆಗಟ್ಟಲೆ ಕನ್ನಡದಲ್ಲಿ ಮಾತಾಡುತ್ತಾರೆ. ದೊಡ್ಡವಳು ಕನ್ನಡ ಬರೆಯುತ್ತಾಳೆ ಕೂಡ. ನಮ್ಮವರು ಯಾರೂ ಇಲ್ಲದ ಊರಿಗೆ ಹೋಗಿ ಕೂತರೆ ಇದೆಲ್ಲ ಆಗುವುದಿಲ್ಲ. ಗ್ಲಾಸ್ಗೋದಲ್ಲೇ ಮನೆ ಮಾಡಿ, ಯಜಮಾನರು ರೈಲಿನಲ್ಲಿ ಓಡಾಡಲಿ.

ಮೈಸೂರು ಪಾಕ:
ಅಣ್ಣಾ, ನಾಲ್ಕು ವರ್ಷದ ಮಗು ನೀರು ಕೇಳಿದರೆ ಕೊಡಬೇಡ ಅನ್ನುವುದು ಯಾವ ನ್ಯಾಯ? ನನ್ನ ಮಗ ಒಂದು ಇಡೀ ಚಳಿಗಾಲ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂತ ಅವನ ಟೀಚರ್ ಹೇಳಿದರು. ಮಾತಾಡಿದೆವು. ಈಗ ಅವನಿಗೆ ಹದಿನಾರು. ನನ್ನ ಅಪ್ಪ ಫೋನಿನಲ್ಲಿ ‘ಊಟ ಆಯ್ತೇನಪ್ಪಾ’ ಅಂದರೆ ತಲೆ ಅಲ್ಲಾಡಿಸುತ್ತಾನೆ, ಉತ್ತರ ಬರುವುದಿಲ್ಲ. ಅದು ನನಗೆ ಎಷ್ಟು ನೋವು ಅಂತ ಯಾರಿಗೂ ಹೇಳಲಾರೆ. ಆದರೂ ಮಗುವಿಗೆ ಶಿಕ್ಷೆ ಕೊಟ್ಟು ಭಾಷೆ ಕಲಿಸುವುದನ್ನು ನಾನು ಒಪ್ಪುವುದಿಲ್ಲ.

ಅಬರ್ಡೀನ್ ಅಣ್ಣ:
ಶಿಕ್ಷೆ ಅಲ್ಲಮ್ಮ, ಶಿಸ್ತು. ಟೀಚರ್ ಹೇಳಿದರು ಅಂತ ನಮ್ಮ ಮನೆಯ ಮಾತು ಬಿಡುವುದಾ? ಈಗ ಸ್ಕಾಟ್ಲೆಂಡಿನ ಶಾಲೆಗಳೇ ಮಗುವಿನ ಮನೆಮಾತು ಇರಲಿ, ಅದರ ಮೇಲೆ ಇನ್ನೆರಡು ಭಾಷೆ ಕಲಿಯಲಿ ಅನ್ನುತ್ತಿವೆ. ಒಂದನೇ ಕ್ಲಾಸಿನಿಂದ ಒಂದು, ಐದರಿಂದ ಇನ್ನೊಂದು.

ಧಾರವಾಡ ಫೇಡೆ:
ಇಬ್ಬರೂ ಸ್ವಲ್ಪ ತಡೀರಿ. ಅಕ್ಕಾವರು ಕೇಳಿದ್ದು ಮನೆ ಎಲ್ಲಿ ಮಾಡಬೇಕು ಅಂತ. ನಾನು ಗ್ಲಾಸ್ಗೋ ಪೊಲ್ಲಾಕ್‌ಶೀಲ್ಡ್ಸ್‌ನಲ್ಲಿದ್ದೇನೆ. ಆಲ್ಬರ್ಟ್ ಡ್ರೈವ್‌ನಲ್ಲಿ ಬೇಳೆ, ಬೆಂಡೆಕಾಯಿ, ಕರಿಬೇವು ಎಲ್ಲ ಸಿಗುತ್ತದೆ. ಶನಿವಾರ ಬಂದು ತಿಂಗಳ ಸಾಮಾನು ತಗೊಂಡು ಹೋಗಬಹುದು, ಅದಕ್ಕೋಸ್ಕರ ಇಲ್ಲೇ ಇರಬೇಕು ಅಂತೇನಿಲ್ಲ. ಆಸ್ಪತ್ರೆ ಶಿಫ್ಟ್ ಬೆಳಿಗ್ಗೆ ಬೇಗ ಇರುತ್ತದೆ. ಡಿಸೆಂಬರ್‌ನಲ್ಲಿ ಬೆಳಕಾಗುವುದೇ ಎಂಟೂ ಮುಕ್ಕಾಲಿಗೆ, ಮಧ್ಯಾಹ್ನ ನಾಲ್ಕರೊಳಗೆ ಕತ್ತಲೆ. ಆ ಕತ್ತಲೆಯಲ್ಲಿ ದಿನಾ ರೈಲು ಹಿಡಿಯುವುದು ಸುಮ್ನೆ ಆಯಾಸ. ಕೆಲಸದ ಹತ್ತಿರ ಇರಿ.

ಕ್ಲೈಡ್ ದಂಡೆ:
ನಾನು ಈ ಊರಿನವನೇ, ಡಾಲ್‌ಮ್ಯೂರ್ ಭಾಗದಲ್ಲಿ ಮನೆ. ತಂಗಿ, ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ, ಆದರೆ ಈ ಊರಿನ ಬಗ್ಗೆ ಅರ್ಧ ಮಾತು ಹೇಳಲು ನನಗೆ ಮನಸ್ಸಿಲ್ಲ.

1870ರಲ್ಲಿ ಇಲ್ಲಿ ಊರೇ ಇರಲಿಲ್ಲ. ಕ್ಲೈಡ್ ನದಿಯ ದಂಡೆಯಲ್ಲಿ ಹೊಲ, ಪಕ್ಕದಲ್ಲಿ ಒಂದು ಕಾಲುವೆ, ಅಷ್ಟೇ. 1871ರಲ್ಲಿ ಜೆ ಅಂಡ್ ಜಿ ಥಾಮ್ಸನ್ ಕಂಪನಿ ಗ್ಲಾಸ್ಗೋ ಕಡೆಯ ಗೋವನ್‌ನಿಂದ ತನ್ನ ಹಡಗುಕಟ್ಟೆಯನ್ನು, ಅಂದರೆ ಹಡಗು ಕಟ್ಟುವ ಕಾರ್ಖಾನೆಯನ್ನು, ಇಲ್ಲಿಗೆ ತಂದಿತು. ಆ ಕಟ್ಟೆಯ ಹೆಸರೇ ಊರಿಗೆ ಬಂತು. 1880ರ ದಶಕದಲ್ಲಿ ಸಿಂಗರ್ ಹೊಲಿಗೆ ಯಂತ್ರದ ದೊಡ್ಡ ಕಾರ್ಖಾನೆ ಬಂತು. 1886ಕ್ಕೆ ಪಟ್ಟಣ ಅನ್ನಿಸಿಕೊಂಡಿತು. ಬಂದವರೆಲ್ಲ ಹೊರಗಿನವರೇ. ಐರ್ಲೆಂಡಿನಿಂದ ಬಂದರು, ಉತ್ತರದ ಗುಡ್ಡಗಾಡಿನಿಂದ ಸ್ಕಾಟ್ಲೆಂಡಿನ ಹಳೇ ಭಾಷೆ ಗೇಲಿಕ್ ಮಾತಾಡುವವರು ಬಂದರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರೇ ಸೇರಿ ಕಟ್ಟಿದ ಊರು ಇದು. ನಾವು ನೀವೂ ಬಂದಿರುವುದು ಹಾಗೇ ಅಲ್ವಾ?

ನಿಮ್ಮ ಅತ್ತೆಯವರ ಮನೆಯಲ್ಲಿ ಹಳೇ ಸಿಂಗರ್ ಮಷೀನ್ ಇದ್ದರೆ ಅದರ ಮೇಲಿನ ನಂಬರ್ ನೋಡಿ. ಎಫ್ ಅಥವಾ ವೈ ಅಕ್ಷರದಿಂದ ಶುರುವಾದರೆ ಅದು ಇದೇ ಊರಲ್ಲಿ ಆದದ್ದು. ನನ್ನ ಅಜ್ಜಿ ತಿಪಟೂರಿನಲ್ಲಿ ರವಿಕೆ ಹೊಲಿಯುತ್ತಿದ್ದ ಮಷೀನ್‌ನಲ್ಲಿ ವೈ ಇದೆ. ಇಲ್ಲಿ ‘ಸಿಂಗರ್’ ಅಂತ ರೈಲು ನಿಲ್ದಾಣ ಈಗಲೂ ಇದೆ. ಕಾರ್ಖಾನೆ 1980ರಲ್ಲಿ ಮುಚ್ಚಿತು. 1911ರಲ್ಲಿ ಅಲ್ಲಿ ಪಾಲಿಶ್ ಮಾಡುವ ಹನ್ನೆರಡು ಹೆಂಗಸರು ಕೆಲಸದ ಹೊರೆ ಜಾಸ್ತಿ ಮಾಡಿದ್ದಕ್ಕೆ ಎದ್ದು ಹೊರಗೆ ಬಂದರು. ಸ್ವಲ್ಪ ದಿನದಲ್ಲೇ ಸುಮಾರು ಹತ್ತು ಸಾವಿರ ಜನ ಅವರ ಹಿಂದೆ ಬಂದು ನಿಂತರು. ಮುಷ್ಕರ ಗೆಲ್ಲಲಿಲ್ಲ, ಮುಂದಾಳುಗಳು ಕೆಲಸ ಕಳೆದುಕೊಂಡರು. ಅವರಲ್ಲೊಬ್ಬಳು ಜೇನ್ ರೇ, ಮುಂದೆ ಇದೇ ಊರಿನ ಕೌನ್ಸಿಲರ್ ಆದಳು. ಹೆಣ್ಣುಮಗಳನ್ನು ಬೆಳೆಸುವ ನಾವು ಇದನ್ನು ಮಕ್ಕಳಿಗೆ ಹೇಳಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಹಡಗುಕಟ್ಟೆಯನ್ನು 1899ರಲ್ಲಿ ಜಾನ್ ಬ್ರೌನ್ ಕಂಪನಿ ಕೊಂಡಿತು. ದೊಡ್ಡ ಪ್ರಯಾಣಿಕ ಹಡಗುಗಳಾದ ಲೂಸಿಟಾನಿಯಾ, ಕ್ವೀನ್ ಮೇರಿ, ಕ್ವೀನ್ ಎಲಿಜಬೆತ್, ಕೊನೆಗೆ 1967ರಲ್ಲಿ ಕ್ಯೂಇ2 (ಕ್ವೀನ್ ಎಲಿಜಬೆತ್ 2) ನೀರಿಗಿಳಿದದ್ದು ಇಲ್ಲಿಂದಲೇ. ಕ್ವೀನ್ ಮೇರಿ ಅರ್ಧ ಕಟ್ಟಿದ್ದಾಗ 1931ರ ಡಿಸೆಂಬರ್‌ನಲ್ಲಿ ದುಡ್ಡಿಲ್ಲದೆ ಕೆಲಸ ನಿಂತಿತು. ಎರಡು ವರ್ಷಕ್ಕೂ ಮೇಲೆ ಆ ಹಡಗಿನ ಮೈ ಹಾಗೇ ತುಕ್ಕು ಹಿಡಿಯುತ್ತಾ ನಿಂತಿತ್ತು, ಊರಿನ ಸಾವಿರಾರು ಜನ ಕೆಲಸವಿಲ್ಲದೆ ಕೂತರು. 1934ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಗಿ ಅದೇ ಸೆಪ್ಟೆಂಬರ್‌ನಲ್ಲಿ ನೀರಿಗಿಳಿಯಿತು. 1907ರ ಟೈಟನ್ ಕ್ರೇನ್ ಇನ್ನೂ ನಿಂತಿದೆ. 150 ಅಡಿ ಎತ್ತರ.

ಇನ್ನು ಬಾಂಬ್. 1941ರ ಮಾರ್ಚ್ 13 ಮತ್ತು 14ರ ರಾತ್ರಿ ಜರ್ಮನ್ ವಿಮಾನಗಳು ಬಂದವು. 528 ಜನ ಸತ್ತರು. ಸುಮಾರು ಹನ್ನೆರಡು ಸಾವಿರ ಮನೆಗಳಲ್ಲಿ ಏಟು ಬೀಳದೆ ಉಳಿದದ್ದು ಬೆರಳೆಣಿಕೆಯಷ್ಟು. ಪ್ರತಿ ಮಾರ್ಚ್‌ನಲ್ಲಿ ಈಗಲೂ ಅವರನ್ನು ನೆನೆಯುತ್ತಾರೆ. ಅತ್ತೆಯವರು ನೋಡಿದ ಫೋಟೊ ಆ ಕಾಲದ್ದು.

ನಿಮ್ಮ ಯಜಮಾನರ ಆಸ್ಪತ್ರೆ ಇರುವ ಜಾಗವೂ ಹಿಂದೆ ಬಿಯರ್ಡ್‌ಮೋರ್ ಕಂಪನಿಯ ಹಡಗುಕಟ್ಟೆ. ಅಲ್ಲಿ ಕಟ್ಟಿದ ಆರ್ಗಸ್ ಹಡಗು 1918ರಲ್ಲಿ ಮುಗಿಯಿತು. ವಿಮಾನ ಏರಲೂ ಇಳಿಯಲೂ ಪೂರ್ತಿ ಚಪ್ಪಟೆ ಮೇಲ್ಭಾಗವಿದ್ದ ಮೊದಲ ಯುದ್ಧಹಡಗು ಅದು. ಈಗ ಅದೇ ದಂಡೆಯಲ್ಲಿ ಸ್ಕಾಟ್ಲೆಂಡಿನ ಹೃದಯ ಕಸಿ ನಡೆಯುತ್ತದೆ. ನನಗೆ ಇದು ಬಹಳ ದೊಡ್ಡ ವಿಷಯ.

ಅಬರ್ಡೀನ್ ಅಣ್ಣ:
ಇತಿಹಾಸ ಚೆನ್ನಾಗಿದೆ. ಆದರೆ ನೀವೇ ಬರೆದಿದ್ದೀರಿ, ಗೇಲಿಕ್ ಮಾತಾಡುವವರು ಬಂದು ಆ ಊರು ಕಟ್ಟಿದರು ಅಂತ. ಅವರ ಮೊಮ್ಮಕ್ಕಳು ಗೇಲಿಕ್ ಮಾತಾಡುತ್ತಾರಾ? 2022ರ ಜನಗಣತಿಯಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ ಅಷ್ಟೋ ಇಷ್ಟೋ ಗೇಲಿಕ್ ಬರುವವರು ಸುಮಾರು 1,30,000. ಸ್ವಂತ ನೆಲದಲ್ಲೇ ಈ ಗತಿ. ನಾವು ಬೇರೆ ನೆಲದಲ್ಲಿದ್ದೇವೆ. ನಾನು ಕಟ್ಟುನಿಟ್ಟು ಅನ್ನುವುದು ಇದಕ್ಕೇ.

ಕ್ಲೈಡ್ ದಂಡೆ:
ಅಣ್ಣಾ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಜವೇ. ಆದರೆ ಅದೇ ಗೇಲಿಕ್‌ನಲ್ಲಿ ಪಾಠ ಮಾಡುವ ಶಾಲೆ ಗ್ಲಾಸ್ಗೋದಲ್ಲಿದೆ, ಗೇಲಿಕ್ ಬಾರದ ಮನೆಯ ಮಕ್ಕಳೂ ಅಲ್ಲಿ ಕಲಿಯುತ್ತಿದ್ದಾರೆ. ಹಾಡು, ಆಟ, ಕಥೆ ಇಟ್ಟುಕೊಂಡು ಕಲಿಸುತ್ತಾರೆ. ಭಾನುವಾರ ನಾಲ್ಕು ಮನೆ ಸೇರಿ ನಾವೂ ಹಾಗೇ ಮಾಡೋಣ. ನಮ್ಮ ಮನೆಯ ಹಾಲ್ ದೊಡ್ಡದಿದೆ.

ಮೈಸೂರು ಪಾಕ:
ಭಾನುವಾರದ ತರಗತಿಗೆ ನಾನು ಬರುತ್ತೇನೆ, ಕಥೆ ಹೇಳುತ್ತೇನೆ. ನನ್ನ ಮಗನನ್ನೂ ಎಳೆದುಕೊಂಡು ಬರುತ್ತೇನೆ.

ಬೆಳಗಾವಿ ಕಾಕಾ:
ನಾನು ಹೇಳುವುದು ಯಾರಿಗೂ ಇಷ್ಟ ಆಗುವುದಿಲ್ಲ, ಆದರೂ ಹೇಳುತ್ತೇನೆ. ಮಗಳಿಗೆ ಹತ್ತು ತುಂಬುವುದರೊಳಗೆ ವಾಪಸ್ ಹೋಗಿ. ಆಮೇಲೆ ಹೋಗಲಾಗುವುದಿಲ್ಲ. ನಾವು ಮುಂದಿನ ವರ್ಷ, ಮುಂದಿನ ವರ್ಷ ಅಂತ ಉಳಿದೆವು. ಅವ್ವ ಹೋದಾಗ ನಾನು ವಿಮಾನದಲ್ಲಿದ್ದೆ.

ಅಬರ್ಡೀನ್ ಅಣ್ಣ:
ಕಾಕಾ, ಅವರು ಇನ್ನೂ ಬಂದೇ ಇಲ್ಲ, ಈಗಲೇ ವಾಪಸ್ ಹೋಗುವ ಮಾತು ಯಾಕೆ? ತಂಗಿ, ಮನೆಯಲ್ಲಿ ಕನ್ನಡ. ಇದೊಂದು ಬಿಡಬೇಡ.

ದಾವಣಗೆರೆ ಅಮ್ಮ:
ಎಲ್ಲರಿಗೂ ಧನ್ಯವಾದ. ಅತ್ತೆಯವರಿಗೆ ಓದಿ ಹೇಳಿದೆ. ಹೊಲಿಗೆ ಮಷೀನ್ ವಿಷಯ ಕೇಳಿ ಅಟ್ಟದ ಮೇಲಿರುವುದನ್ನು ಕೆಳಗೆ ಇಳಿಸಲು ಹೇಳಿದ್ದಾರೆ. ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಆ ಉಚಿತ ನರ್ಸರಿ ನಮ್ಮಂಥ ವೀಸಾದವರಿಗೂ ಇದೆಯಾ? ಶಾಲೆಗೆ ಹೆಸರು ಯಾವಾಗ ಕೊಡಬೇಕು? ಹತ್ತಿರದಲ್ಲಿ ಕ್ಯಾಥೋಲಿಕ್ ಶಾಲೆ ಇದೆ ಅಂತೆ, ನಮ್ಮ ಮಗುವನ್ನು ಸೇರಿಸುತ್ತಾರಾ?

ಹಾಸನದ ಅಕ್ಕ:
ಮೊದಲೇ ಪೂರ್ತಿ ಬರೆಯಬೇಕು ಅಂತಿದ್ದೆ, ಅಷ್ಟರಲ್ಲಿ ಮಾತು ಎಲ್ಲೆಲ್ಲೋ ಹೋಯಿತು. ಕೇಳಿ. ಮೂರು ಮತ್ತು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ವರ್ಷಕ್ಕೆ 1,140 ಗಂಟೆ ನರ್ಸರಿ ಉಚಿತ. ವೀಸಾದವರಿಗೂ ಇದೆ, ನಾವೂ ವೀಸಾದಲ್ಲೇ ಇದ್ದೆವು. ಶಾಲೆಗೆ ಹೆಸರು ಬರೆಸುವುದು ಸಾಮಾನ್ಯವಾಗಿ ಜನವರಿಯಲ್ಲಿ. ನೀವು ಜೂನ್‌ನಲ್ಲಿ ಬರುವುದರಿಂದ ಬಾಡಿಗೆ ಪತ್ರ ಕೈಗೆ ಬಂದ ಕೂಡಲೇ ವೆಸ್ಟ್ ಡನ್‌ಬಾರ್ಟನ್‌ಶೈರ್ ಕೌನ್ಸಿಲ್‌ಗೆ ಫೋನ್ ಮಾಡಿ. ಜೂನ್ ಕೊನೆಗೆ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುತ್ತದೆ, ಅದಕ್ಕೆ ಮೊದಲು ಮಾಡಿ. ಮನೆ ಯಾವ ರಸ್ತೆಯಲ್ಲಿದೆ ಅನ್ನುವುದರ ಮೇಲೆ ಯಾವ ಶಾಲೆ ಅಂತ ತೀರ್ಮಾನ ಆಗುತ್ತದೆ. ಕ್ಯಾಥೋಲಿಕ್ ಶಾಲೆಯೂ ಇಲ್ಲಿ ಸರ್ಕಾರದ ಖರ್ಚಿನದ್ದೇ, ಫೀಸ್ ಇಲ್ಲ, ಜಾಗ ಇದ್ದರೆ ಬೇರೆ ಧರ್ಮದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಪಿ1ರಿಂದ ಪಿ5ರವರೆಗೆ ಮಧ್ಯಾಹ್ನದ ಊಟ ಉಚಿತ. ಸಸ್ಯಾಹಾರ ಅಂತ ಮೊದಲೇ ಹೇಳಿ.

ಪಿ1ರಲ್ಲಿ ಆಟ ಜಾಸ್ತಿ, ನಿಜ. ಆಟದಲ್ಲೇ ಅಕ್ಷರ, ಲೆಕ್ಕ ಎರಡೂ ಬರುತ್ತವೆ. ಅವಳು ಕಲಿತ ಅ ಆ ಇ ಈ ಮನೆಯಲ್ಲಿ ಮುಂದುವರಿಸಿ.

ಮನೆ ವಿಷಯ: ಬಾಡಿಗೆಗೆ ಕೊಡುವವರು ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿರಬೇಕು, ಅದನ್ನು ಕೇಳಿ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಆ ಹಣವನ್ನು ಮೂವತ್ತು ಕೆಲಸದ ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕು. ನೋಡದೆ ದುಡ್ಡು ಕಳಿಸಬೇಡಿ. ಯಜಮಾನರು ಮೊದಲೇ ಬರುತ್ತಾರಲ್ಲ, ಅವರೇ ಹೋಗಿ ಗೋಡೆಯಲ್ಲಿ ತೇವ ಇದೆಯಾ ನೋಡಲಿ. ಕಿಟಕಿ ಪಕ್ಕದ ಮೂಲೆ, ಬೀರು ಹಿಂದೆ, ಎರಡೂ ಕಡೆ ಕೈ ಇಟ್ಟು ನೋಡಲಿ.

ಕ್ಲೈಡ್ ದಂಡೆ:
ಮನೆ ನೋಡಲು ನಾನೂ ಅವರ ಜೊತೆ ಹೋಗುತ್ತೇನೆ. ಏಪ್ರಿಲ್‌ನಲ್ಲಿ ಯಾವ ದಿನ ಬರುತ್ತಾರೆ ಅಂತ ನನಗೆ ಮೆಸೇಜ್ ಮಾಡಿ.

ದಾವಣಗೆರೆ ಅಮ್ಮ:
ಮಾಡುತ್ತೇನೆ ಅಣ್ಣಾ. ಮಷೀನ್ ಇಳಿಸಿದ್ದಾರೆ, ನಂಬರ್ ಎಫ್‌ನಿಂದ ಶುರುವಾಗುತ್ತದೆ. ಅಕ್ಕಾ, ಸಸ್ಯಾಹಾರದಲ್ಲಿ ಮೊಟ್ಟೆ ಸೇರಿಸಿಬಿಡುತ್ತಾರಾ? ಅದನ್ನೂ ಬೇರೆಯಾಗಿ ಹೇಳಬೇಕಾ?

ಹಾಸನದ ಅಕ್ಕ:
ಬೇರೆಯಾಗಿ ಹೇಳಬೇಕು. ಬರವಣಿಗೆಯಲ್ಲೇ ಕೊಡಿ.